ಕಾಣುವಷ್ಟು ದೂರದೊಳಗೆ ನಿಲ್ಲಬೇಕು: ಮಂಜಿಗೂ ಟ್ರಾಫಿಕ್ಕಿಗೂ ಒಂದೇ ಲೆಕ್ಕ



ಡಿಸೆಂಬರ್ ಬಂತು ಅಂದ್ರೆ ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿರೋ ನಮ್ಮವರ ನಡುವೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ರಜೆ ಇದೆ, ಕಾರಿದೆ. ಬೆಳಗ್ಗೆ ಬೇಗ ಹೊರಟು ಆಗ್ರಾ ನೋಡಿಕೊಂಡು ಬರಬಹುದಾ? ಇವತ್ತಿನ ಮಾತು ಇದರ ಬಗ್ಗೆ. ಮಂಜಿನಲ್ಲಿ ಹೇಗೆ ಗಾಡಿ ಓಡಿಸಬೇಕು, ಅದೇ ಪಾಠವನ್ನ ದಿನಾ ಆಫೀಸಿಗೆ ಹೋಗೋ ಸಿಟಿ ಟ್ರಾಫಿಕ್‌ನಲ್ಲಿ ಹೇಗೆ ಬಳಸಬೇಕು ಅಂತ. ಮೊದಲು ನಾನು ಮಾಡಿದ ತಪ್ಪನ್ನ ಹೇಳ್ತೀನಿ, ಆಮೇಲೆ ಲೆಕ್ಕ.

ನಾನು ಸಕಲೇಶಪುರದ ಕಡೆಯವನು. ಮಂಜು ನೋಡಿಯೇ ಬೆಳೆದವನು. ಶಿರಾಡಿ ಘಾಟಿಯಲ್ಲಿ ಎಷ್ಟೋ ಸಲ ಮಂಜಿನಲ್ಲಿ ಓಡಾಡಿದ್ದೀನಿ. ಹಾಗಾಗಿ "ನಮಗೇನು ಮಂಜು ಹೊಸದಾ" ಅನ್ನೋ ಒಂದು ಧಿಮಾಕು ಇತ್ತು. ಕೆಲವು ವರ್ಷದ ಹಿಂದೆ ಒಂದು ಜನವರಿಯಲ್ಲಿ ಅಪ್ಪ ಅಮ್ಮನನ್ನ ಕೂರಿಸಿಕೊಂಡು ಬೆಳಗ್ಗೆ ಐದೂವರೆಗೆ ನೋಯ್ಡಾದಿಂದ ಹೊರಟೆ. ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತಿದಾಗ ತೆಳುವಾದ ಮಂಜಿತ್ತು. ಜೇವರ್ ಟೋಲ್ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಯಾರೋ ಮುಂದೆ ಬಿಳಿ ಪರದೆ ಎಳೆದ ಹಾಗಾಯ್ತು.

ನಿಧಾನವಾಗಿಯೇ ಹೋಗ್ತಾ ಇದ್ದೀನಿ ಅಂದುಕೊಂಡಿದ್ದೆ. ಆ ಹೊತ್ತಿಗೆ ಬಿಳಿಯೊಳಗಿಂದ ಒಂದು ಲಾರಿಯ ಹಿಂಭಾಗ ಮೂಡಿತು. ಚಲಿಸ್ತಾ ಇರಲಿಲ್ಲ, ರಸ್ತೆಯಲ್ಲೇ ನಿಂತಿತ್ತು. ಹಿಂದಿನ ದೀಪ ಇಲ್ಲ, ಹೊಳೆಯೋ ಪಟ್ಟಿ ಇಲ್ಲ. ಬ್ರೇಕ್ ಮೇಲೆ ನಿಂತೇಬಿಟ್ಟೆ. ಎಬಿಎಸ್ ಗಡಗಡ ಅಂತ ಕಾಲಿಗೆ ಒದೀತು. ಕಾರು ನಿಂತಾಗ ಬಾನೆಟ್‌ಗೂ ಲಾರಿಗೂ ನಡುವೆ ಎರಡು ಮೀಟರ್ ಉಳಿದಿತ್ತೇನೋ. ಅದಕ್ಕಿಂತ ಭಯ ಆಗಿದ್ದು ಆಮೇಲೆ. ಈಗ ನಮ್ಮ ಹಿಂದೆ ಯಾರು ಬರ್ತಿದ್ದಾರೆ? ಎಡಕ್ಕೆ ತಿರುಗಿಸಿ, ಲಾರಿ ದಾಟಿ, ಮೆಲ್ಲಗೆ ಮುಂದಿನ ವಿಶ್ರಾಂತಿ ತಾಣಕ್ಕೆ ಸೇರಿದೆ. ಅಮ್ಮ ಮಾತೇ ಆಡಲಿಲ್ಲ. ಅಪ್ಪ ಟೀ ಕುಡೀತಾ ಒಂದೇ ಮಾತು ಕೇಳಿದರು: "ಎಷ್ಟರಲ್ಲಿ ಹೋಗ್ತಾ ಇದ್ದೆ?"

ನನಗೆ ಗೊತ್ತಿದ್ದದ್ದು ಒಂದೇ. ಬ್ರೇಕ್ ಹಾಕೋ ಕ್ಷಣದಲ್ಲಿ ಕಣ್ಣಿಗೆ ಬಿದ್ದ ಮುಳ್ಳು 65ರಲ್ಲಿತ್ತು. ನನ್ನ ಮನಸ್ಸಿನ ಲೆಕ್ಕದಲ್ಲಿ ಅದು 40 ಆಗಿತ್ತು.

ಘಾಟಿಯ ಮಂಜು ಬೇರೆ, ಬಯಲಿನ ಮಂಜು ಬೇರೆ

ನಮ್ಮ ಮಲೆನಾಡಿನಲ್ಲಿ, ಚಾರ್ಮಾಡಿಯಲ್ಲಿ, ಮುಂಬೈ-ಪುಣೆ ನಡುವಿನ ಖಂಡಾಲಾದಲ್ಲಿ ಮಳೆಗಾಲಕ್ಕೆ ನೋಡೋದು ಬಹುಪಾಲು ಬೆಟ್ಟಕ್ಕೆ ತಾಗಿದ ಮೋಡ. ಗಾಳಿಗೆ ಬರುತ್ತೆ, ಹೋಗುತ್ತೆ. ಘಾಟಿಯಲ್ಲಿ ತಿರುವುಗಳು ಇರೋದರಿಂದ ನಮ್ಮ ವೇಗವೂ ತಾನಾಗೇ 30-40ಕ್ಕೆ ಇಳಿದಿರುತ್ತೆ. ಅಲ್ಲಿ ನನ್ನನ್ನ ಇಷ್ಟು ವರ್ಷ ಕಾಪಾಡಿದ್ದು ನನ್ನ ಅನುಭವ ಅಲ್ಲ, ಆ ತಿರುವುಗಳು.

ಉತ್ತರದ ಬಯಲಿನ ಮಂಜು ಹಾಗಲ್ಲ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ನಿಂತಿದ್ದರೆ ನೆಲ ತನ್ನ ಶಾಖವನ್ನ ಬೇಗ ಬಿಟ್ಟುಕೊಡುತ್ತೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅದರೊಳಗಿನ ತೇವ ಸಣ್ಣ ಹನಿಗಳಾಗುತ್ತೆ. ನೀರು ಹಾಯಿಸಿದ ಗೋಧಿ ಗದ್ದೆ, ಕಾಲುವೆ, ನದಿ, ಹಿಂದಿನ ದಿನ ಬಂದ ಮಳೆ ಎಲ್ಲವೂ ತೇವ ಕೊಡುತ್ತವೆ. ದೂಳು, ಹೊಗೆಯ ಕಣಗಳು ಹನಿ ಕಟ್ಟೋದಕ್ಕೆ ಬೀಜ ಆಗುತ್ತವೆ. ಇಂಥ ಮಂಜು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಹಾಸಿ ಮಲಗಿಬಿಡುತ್ತೆ. ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ ಅತಿ ದಟ್ಟ. ಬಿಸಿಲು ಏರಿದ ಹಾಗೆ, ಒಂಬತ್ತು ಹತ್ತರ ಹೊತ್ತಿಗೆ ಕರಗೋಕೆ ಶುರು.

ಅಂದ್ರೆ "ಟ್ರಾಫಿಕ್ ಇರಲ್ಲ, ಬೇಗ ಹೊರಡೋಣ" ಅಂತ ನಾವು ಆರಿಸಿಕೊಳ್ಳೋ ಸಮಯವೇ ದಿನದ ಅತಿ ಕೆಟ್ಟ ಸಮಯ. ಅದರ ಮೇಲೆ ರಸ್ತೆ ಎಂಥದ್ದು? ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ 165 ಕಿಲೋಮೀಟರ್ ಕಾಂಕ್ರೀಟ್, ನೇರ. ಕಾಲು ತಡೆಯೋದಕ್ಕೆ ಒಂದು ತಿರುವೂ ಇಲ್ಲ. 2017ರ ನವೆಂಬರ್‌ನಲ್ಲಿ ಇದೇ ರಸ್ತೆಯಲ್ಲಿ ಹೊಗೆಮಂಜಿನಲ್ಲಿ ಒಂದರ ಹಿಂದೆ ಒಂದು ಗಾಡಿಗಳು ಡಿಕ್ಕಿ ಹೊಡೆದುಕೊಂಡ ವಿಡಿಯೋ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ.

ನಿಲ್ಲೋದಕ್ಕೆ ಎಷ್ಟು ದೂರ ಬೇಕು?

ಅಪ್ಪನ ಪ್ರಶ್ನೆಗೆ ಉತ್ತರ ಕೊಡೋಕೆ ಅವತ್ತು ಸಂಜೆ ಕೂತು ಲೆಕ್ಕ ಹಾಕಿದೆ. ಪಿಯುಸಿ ಫಿಸಿಕ್ಸ್ ಸಾಕು. ಅಪಾಯ ಕಂಡು, ಮೆದುಳಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟು ಹೊತ್ತು ಗಾಡಿ ಅದೇ ವೇಗದಲ್ಲಿ ಓಡ್ತಾ ಇರುತ್ತೆ. ಆಮೇಲೆ ಬ್ರೇಕ್. ಮಂಜಿನಲ್ಲಿ ರಸ್ತೆ ಒದ್ದೆ ಇರೋದರಿಂದ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 5 ಮೀಟರ್‌ನಷ್ಟು ಇಳಿಯುತ್ತೆ ಅಂತ ಇಟ್ಟುಕೊಳ್ಳೋಣ. ಆಗ ಒಟ್ಟು ದೂರ ಹೀಗೆ ಬರುತ್ತೆ:

- 20 ಕಿ.ಮೀ. ವೇಗ: ಸುಮಾರು 11 ಮೀಟರ್
- 40 ಕಿ.ಮೀ. ವೇಗ: ಸುಮಾರು 29 ಮೀಟರ್
- 60 ಕಿ.ಮೀ. ವೇಗ: ಸುಮಾರು 53 ಮೀಟರ್
- 80 ಕಿ.ಮೀ. ವೇಗ: ಸುಮಾರು 83 ಮೀಟರ್
- 100 ಕಿ.ಮೀ. ವೇಗ: ಸುಮಾರು 119 ಮೀಟರ್

ಗಮನಿಸಿ, 40 ಇದ್ದದ್ದು 80 ಆದಾಗ ದೂರ ಎರಡರಷ್ಟು ಆಗಲಿಲ್ಲ, ಹೆಚ್ಚುಕಡಿಮೆ ಮೂರರಷ್ಟಾಯಿತು. ಬ್ರೇಕ್ ಹಾಕಿದ ಮೇಲಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ.

ಈಗ ಇನ್ನೊಂದು ಕಡೆ ನೋಡಿ. ಹವಾಮಾನ ಇಲಾಖೆ 200 ಮೀಟರ್‌ಗಿಂತ ಕಡಿಮೆ ಕಂಡರೆ ದಟ್ಟ ಮಂಜು ಅನ್ನುತ್ತೆ, 50 ಮೀಟರ್‌ಗಿಂತ ಕಡಿಮೆ ಆದರೆ ಅತಿ ದಟ್ಟ ಮಂಜು. 50 ಮೀಟರ್ ಕಾಣೋ ಕಡೆ 60ರಲ್ಲಿ ಹೋದರೆ ನಿಲ್ಲೋಕೆ ಬೇಕಾದ್ದು 53. ಉಳಿದ ಮೂರು ಮೀಟರ್ ಎದುರಿಗಿರೋ ಲಾರಿಯೊಳಗೆ. ನಾನು 65ರಲ್ಲಿದ್ದೂ ಉಳಿದದ್ದು ಆ ಜಾಗದಲ್ಲಿ ಮಂಜು ಸ್ವಲ್ಪ ತೆಳುವಾಗಿತ್ತು, ನನ್ನ ಕಾಲು ಸ್ವಲ್ಪ ಬೇಗ ಹೋಯ್ತು ಅಂತ ಅಷ್ಟೇ. ಅದನ್ನ ಡ್ರೈವಿಂಗ್ ಅನ್ನಬಾರದು, ಅದೃಷ್ಟ ಅನ್ನಬೇಕು.

ಚಳಿಗಾಲದಲ್ಲಿ ಈ ಎಕ್ಸ್‌ಪ್ರೆಸ್‌ವೇಯ ವೇಗಮಿತಿ ಇಳಿಸ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕಾರುಗಳಿಗೆ 100ರಿಂದ 75ಕ್ಕೆ ಇಳಿಸಿದ್ದಾರೆ. ಒಳ್ಳೆಯದೇ. ಆದರೆ 75ರಲ್ಲಿ ನಿಲ್ಲೋಕೆ ಸುಮಾರು 75 ಮೀಟರ್ ಬೇಕು. ಬೋರ್ಡಿನ ಮೇಲಿರೋದು ಮೀರಬಾರದ ವೇಗ, ಹೋಗಲೇಬೇಕಾದ ವೇಗ ಅಲ್ಲ. ಆ ಹೊತ್ತಿನ ಮಿತಿಯನ್ನ ನಿಮ್ಮ ಕಣ್ಣಿಗೆ ಕಾಣೋ ದೂರ ಬರೆಯುತ್ತೆ.

ಕಾಣೋ ದೂರವನ್ನ ಅಳೆಯೋದು ಹೇಗೆ?

ಮೀಟರ್ ಲೆಕ್ಕ ಯಾರಿಗೂ ಕಣ್ಣಂದಾಜಿನಲ್ಲಿ ಸಿಗಲ್ಲ. ಅದಕ್ಕೆ ಸೆಕೆಂಡ್ ಎಣಿಸಿ. ರಸ್ತೆ ಪಕ್ಕದ ಕಂಬವೋ ಮರವೋ ಮಂಜಿನಿಂದ ಮೊದಲ ಸಲ ಕಂಡ ತಕ್ಷಣ ಮನಸ್ಸಿನಲ್ಲಿ "ಸಾವಿರದ ಒಂದು, ಸಾವಿರದ ಎರಡು" ಅಂತ ಶುರುಮಾಡಿ. "ಸಾವಿರದ ನಾಲ್ಕು" ಮುಗಿಯೋದಕ್ಕೆ ಮುಂಚೆ ಅದನ್ನ ದಾಟಿದರೆ ನೀವು ಜಾಸ್ತಿ ವೇಗದಲ್ಲಿದ್ದೀರಿ, ಇಳಿಸಿ. ಮೇಲಿನ ಪಟ್ಟಿಯನ್ನ ಸೆಕೆಂಡಿಗೆ ಬದಲಾಯಿಸಿದರೆ 80ರವರೆಗಿನ ಎಲ್ಲ ವೇಗಕ್ಕೂ ನಾಲ್ಕು ಸೆಕೆಂಡ್ ಒಳಗೇ ಬರುತ್ತೆ, ಸ್ವಲ್ಪ ಮಿಗತೆಯೂ ಇರುತ್ತೆ.

ಎಣಿಸೋಕೆ ಹೊಳೆಯೋ ಬೋರ್ಡನ್ನೋ ಮುಂದಿನ ಗಾಡಿಯ ಕೆಂಪು ದೀಪವನ್ನೋ ಆರಿಸಬೇಡಿ. ಅವು ದೂರದಿಂದಲೇ ಕಾಣುತ್ತವೆ. ದೀಪ ಇಲ್ಲದ ಕಬ್ಬಿನ ಟ್ರಾಲಿ, ಸೈಕಲ್, ಹಸು ಅಷ್ಟು ದೂರದಿಂದ ಕಾಣಲ್ಲ. ನೀವು ತಪ್ಪಿಸಬೇಕಾದ್ದು ಅವನ್ನ.

ವೇಗದ ವಿಷಯದಲ್ಲಂತೂ ಕಣ್ಣನ್ನ ನಂಬಲೇಬೇಡಿ. 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆಯಲ್ಲಿ, ಪರದೆಯ ಮೇಲೆ ಮಂಜಿನ ದೃಶ್ಯ ತೋರಿಸಿದಾಗ ಜನ ತಮಗೆ ಗೊತ್ತಿಲ್ಲದೆ ಹೆಚ್ಚು ವೇಗವಾಗಿ ಓಡಿಸಿದರು. 2012ರಲ್ಲಿ ಈಲೈಫ್ ಪತ್ರಿಕೆಯಲ್ಲಿ ಬಂದ ಇನ್ನೊಂದರಲ್ಲಿ, ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು ಅನ್ನೋ ಹಾಗೆ ಮಂಜನ್ನ ತೋರಿಸಿದಾಗ ಫಲಿತಾಂಶ ಉಲ್ಟಾ ಬಂತು, ಜನ ನಿಧಾನ ಮಾಡಿದರು. ಎರಡನ್ನೂ ಸೇರಿಸಿ ನೋಡಿದರೆ ನಮಗೆ ಸಿಗೋ ಪಾಠ ಒಂದೇ. ಮಂಜು ನಮ್ಮ ವೇಗದ ಅಂದಾಜನ್ನ ಕೆಡಿಸುತ್ತೆ. ಹಾಗಾಗಿ ಸ್ಪೀಡೋಮೀಟರ್ ಕಡೆ ಆಗಾಗ ಒಂದು ನೋಟ ಹಾಕ್ತಾ ಇರಿ.

ದೀಪ ಮತ್ತು ಗಾಜು

ಮಂಜು ಕಂಡ ಕೂಡಲೇ ಹೈ ಬೀಮ್ ಹಾಕೋದು ನಮ್ಮೆಲ್ಲರ ಮೊದಲ ತಪ್ಪು. ಹನಿಗಳು ಬೆಳಕನ್ನ ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಅದರಲ್ಲಿ ಒಂದು ಪಾಲು ವಾಪಸ್ ನಮ್ಮ ಕಣ್ಣಿಗೇ ಬರುತ್ತೆ. ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ ಆಗುತ್ತೆ. ಲೋ ಬೀಮ್ ಹಾಕಿ. ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ. ಅದು ಕೆಳಗಿದ್ದು, ಬೆಳಕನ್ನ ಅಗಲವಾಗಿ ರಸ್ತೆಗೆ ಹಾಸುತ್ತೆ, ಮೇಲಕ್ಕೆ ಬಿಡಲ್ಲ. ಅದರ ಗುಣ ಇರೋದು ಅಲ್ಲಿ. ಹಳದಿ ಬಣ್ಣ ಮಂಜನ್ನ ಸೀಳುತ್ತೆ ಅನ್ನೋ ಮಾತಿಗೆ ಆಧಾರ ಇಲ್ಲ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತೆ.

ಹೊಸ ಕಾರು ಇರೋರಿಗೆ ಒಂದು ಎಚ್ಚರಿಕೆ. ಆಟೋ ಹೆಡ್‌ಲ್ಯಾಂಪ್ ಸೆನ್ಸರ್ ಅಳೆಯೋದು ಬೆಳಕನ್ನ, ಎಷ್ಟು ದೂರ ಕಾಣುತ್ತೆ ಅನ್ನೋದನ್ನಲ್ಲ. ಬೆಳಗ್ಗೆ ಎಂಟು ಗಂಟೆಯ ಬಿಳಿ ಮಂಜು ಅದಕ್ಕೆ ಹಗಲೇ. ದೀಪ ಹತ್ತದೇ ಇರಬಹುದು. ಮುಂದಿನ ಡಿಆರ್‌ಎಲ್ ಉರಿಯೋದನ್ನ ನೋಡಿ ದೀಪ ಇದೆ ಅಂದುಕೊಳ್ತೀರಿ, ಆದರೆ ಎಷ್ಟೋ ಕಾರುಗಳಲ್ಲಿ ಅದರ ಜೊತೆ ಹಿಂದಿನ ದೀಪ ಉರಿಯಲ್ಲ. ಹಿಂದಿನವರಿಗೆ ನೀವೇ ಆ ದೀಪವಿಲ್ಲದ ಲಾರಿ ಆಗ್ತೀರಿ. ಕೈಯಿಂದ ಲೋ ಬೀಮ್ ಹಾಕಿ.

ಓಡ್ತಾ ಇರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗೋ ಅಭ್ಯಾಸ ಇಲ್ಲಿ ತುಂಬಾ ಇದೆ. ಆಗ ನೀವು ಎಡಕ್ಕೆ ಹೋಗ್ತೀರೋ ಬಲಕ್ಕೋ ಹಿಂದಿನವರಿಗೆ ತಿಳಿಯಲ್ಲ, ನಿಂತಿದ್ದೀರೋ ಓಡ್ತಿದ್ದೀರೋ ಅನ್ನೋದೂ ತಿಳಿಯಲ್ಲ. ಅದನ್ನ ನಿಂತಾಗ ಬಳಸಿ.

ಗಾಜು ಮಸುಕಾದರೆ ಒಂದು ಬೆರಳಿನಿಂದ ಒಳಗಡೆ ಗೀಚಿ ನೋಡಿ. ಗೆರೆ ಮೂಡಿದರೆ ತೇವ ಒಳಗಿದೆ, ಅದು ನಮ್ಮ ಉಸಿರಿನದು. ಎಸಿ ಆನ್ ಮಾಡಿ, ಬಿಸಿ ಗಾಳಿಯನ್ನ ಮುಂದಿನ ಗಾಜಿಗೆ ತಿರುಗಿಸಿ, ರೀಸರ್ಕ್ಯುಲೇಶನ್ ಆಫ್ ಮಾಡಿ. ಚಳಿಯಲ್ಲಿ ಎಸಿ ಯಾಕೆ ಅಂದ್ರೆ ಅದು ಗಾಳಿಯ ತೇವವನ್ನ ಹಿಂಡಿ ತೆಗೆಯುತ್ತೆ. ಗೆರೆ ಮೂಡದಿದ್ದರೆ ತೇವ ಹೊರಗಿದೆ. ಚೆನ್ನೈ, ಮುಂಬೈಯಲ್ಲಿ ಎಸಿಯಿಂದ ಗಾಜು ತಣ್ಣಗಾಗಿ ಹೊರಗಡೆ ಹೀಗಾಗುತ್ತೆ. ಅಲ್ಲಿ ವೈಪರ್ ಹಾಕಿ, ಎಸಿಯ ತಂಪು ಕಡಿಮೆ ಮಾಡಿ.

ಇನ್ನೆರಡು ಬಲೆಗಳು

ಒಂದು, ಮುಂದಿನ ಗಾಡಿಯ ಕೆಂಪು ದೀಪಕ್ಕೆ ಅಂಟಿಕೊಂಡು ಹೋಗೋದು. ದಾರಿ ತೋರಿಸ್ತಾನೆ ಅನ್ನೋ ಧೈರ್ಯ. ಆದರೆ ಅವನಿಗೂ ಅಷ್ಟೇ ಕಾಣೋದು. ಅವನು ಗುದ್ದಿ ನಿಂತರೆ ಬ್ರೇಕ್ ದೀಪ ಹತ್ತೋಕೂ ಸಮಯ ಇರಲ್ಲ. ಅವನ ದೀಪ ಆಗಾಗ ಮಸುಕಾಗುವಷ್ಟು ಹಿಂದೆ ಇರಿ. ದಾರಿಗೆ ರಸ್ತೆಯ ಎಡಗಡೆಯ ಬಿಳಿ ಗೆರೆ ನೋಡಿಕೊಳ್ಳಿ.

ಎರಡು, ಅಡಾಸ್ ಇದೆ ಅನ್ನೋ ನಂಬಿಕೆ. ಕ್ಯಾಮೆರಾಗೆ ನಮ್ಮ ಕಣ್ಣಿನ ಕಷ್ಟವೇ ಇದೆ. ರೇಡಾರ್ ಮಂಜಿನ ಮೂಲಕ ನೋಡಬಲ್ಲದು, ನಿಜ. ಆದರೆ ಹೆಚ್ಚು ವೇಗದಲ್ಲಿ ನಿಂತ ಗಾಡಿಯನ್ನ ಗುರುತಿಸೋದರಲ್ಲಿ ಇಂಥ ಸಿಸ್ಟಮ್‌ಗಳಿಗೆ ಮಿತಿ ಇದೆ ಅಂತ ಕಾರಿನ ಕೈಪಿಡಿಗಳಲ್ಲೇ ಬರೆದಿರುತ್ತೆ. ಕ್ರೂಸ್ ಕಂಟ್ರೋಲ್ ಆಫ್ ಮಾಡಿ. ನಾವು ಸಾಫ್ಟ್‌ವೇರ್ ಬರೆಯೋರು, ಎಡ್ಜ್ ಕೇಸ್ ಅಂದ್ರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಓಡಿಸೋಕೆ ಆಗಲ್ಲ ಅನಿಸಿದರೆ ರಸ್ತೆ ಬದಿಯಲ್ಲಿ ನಿಲ್ಲಿಸಬೇಡಿ. ನಿಧಾನವಾಗಿ ಪೆಟ್ರೋಲ್ ಬಂಕ್, ಟೋಲ್, ಢಾಬಾ ಯಾವುದಾದರೂ ಒಂದಕ್ಕೆ ಸೇರಿ. ಗಾಡಿ ಕೆಟ್ಟು ನಿಂತೇಬಿಟ್ಟರೆ ಎಡಕ್ಕೆ ಎಷ್ಟಾಗುತ್ತೋ ಅಷ್ಟು ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ಎಡಬಾಗಿಲಿನಿಂದ ಇಳಿಸಿ, ಕಂಬಿಬೇಲಿಯ ಆಚೆ ನಿಲ್ಲಿಸಿ, 112ಕ್ಕೆ ಫೋನ್ ಮಾಡಿ. ಚಳಿ ಅಂತ ಕಾರಿನೊಳಗೆ ಕೂರಬೇಡಿ. ಗುದ್ದಿದ್ದು ಯಾರು ಅಂತ ನೋಡೋಕೆ ರಸ್ತೆ ಮೇಲೆ ನಿಲ್ಲಬೇಡಿ. ಸರಣಿ ಅಪಘಾತದಲ್ಲಿ ಮೊದಲ ಗುದ್ದಿಗೆ ಉಳಿದವರನ್ನ ಎರಡನೆಯದು, ಮೂರನೆಯದು ತೆಗೆದುಕೊಳ್ಳುತ್ತೆ.

ಇದೇ ಲೆಕ್ಕ ಸಿಟಿಯಲ್ಲಿ

ಈಗ ಪುಣೆ, ಹೈದರಾಬಾದ್, ಚೆನ್ನೈಯವರು "ನಮಗೆ ಮಂಜು ಎಲ್ಲಿದೆ" ಅನ್ನಬಹುದು. ಸಿಟಿಯಲ್ಲಿ ನಿಮ್ಮ ಮುಂದಿರೋ ಬಸ್ಸೇ ಮಂಜು. ಅದರ ಆಚೆ ಏನಿದೆ ನಿಮಗೆ ಕಾಣಲ್ಲ. ಕಾಣದ ಜಾಗದಿಂದ ಜನ ರಸ್ತೆ ದಾಟ್ತಾರೆ, ಬೈಕ್ ನುಗ್ಗುತ್ತೆ. ಹಾಗಾಗಿ ಇಲ್ಲೂ ಅದೇ ಪ್ರಶ್ನೆ. ಕಾಣುವಷ್ಟು ಜಾಗದಲ್ಲಿ ನಿಲ್ಲಬಲ್ಲೆನಾ?

ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡ್ ಅಂತರ ಇರಲಿ. 40ರಲ್ಲಿ ಅದು 22 ಮೀಟರ್. ತಕ್ಷಣ ಬರೋ ಮಾತು: "ಅಷ್ಟು ಜಾಗ ಬಿಟ್ಟರೆ ಆಟೋ ನುಗ್ಗಲ್ವಾ?" ನುಗ್ಗುತ್ತೆ. ನುಗ್ಗಲಿ ಬಿಡಿ. ಒಂದು ಗಾಡಿ ಮುಂದೆ ಸೇರಿದರೆ ನೀವು ಮತ್ತೆ ಹಿಂದೆ ಸರಿಯೋದಕ್ಕೆ ಎರಡು ಮೂರು ಸೆಕೆಂಡ್ ಖರ್ಚು. ಆಫೀಸಿಗೆ ಹೋಗೋದರೊಳಗೆ ಇಪ್ಪತ್ತು ಗಾಡಿ ನುಗ್ಗಿದರೂ ಒಟ್ಟು ಒಂದು ನಿಮಿಷ. ಸ್ಟ್ಯಾಂಡ್‌ಅಪ್ ಮೀಟಿಂಗ್ ಅಷ್ಟು ಕರೆಕ್ಟಾಗಿ ಶುರು ಆಗೋದನ್ನ ಯಾರಾದ್ರೂ ನೋಡಿದ್ದೀರಾ?

ಆ ಅಂತರದಿಂದ ಬೇರೆಯವರಿಗೂ ಉಪಕಾರ. 2008ರಲ್ಲಿ ಜಪಾನಿನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನ ಓಡಿಸಿದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಪಘಾತ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ಹುಟ್ಟಿ ಅಲೆಯ ಹಾಗೆ ಹಿಂದಕ್ಕೆ ಸಾಗಿತು. ಒಬ್ಬರು ಚೂರು ನಿಧಾನ ಮಾಡ್ತಾರೆ, ಹತ್ತಿರದಲ್ಲಿರೋ ಹಿಂದಿನವರು ಅದಕ್ಕಿಂತ ಜೋರಾಗಿ ಬ್ರೇಕ್ ಹಾಕ್ತಾರೆ, ಅದು ಬೆಳೀತಾ ಹೋಗುತ್ತೆ. ಮುಂದೆ ಜಾಗ ಬಿಟ್ಟವರು ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ಬಿಟ್ಟರೆ ಸಾಕು, ಅಲೆ ಅಲ್ಲೇ ತಗ್ಗುತ್ತೆ. ನಮ್ಮ ಭಾಷೆಯಲ್ಲಿ ಬಫರ್. ಬಫರ್ ಇಲ್ಲದ ಸಿಸ್ಟಮ್ ಏನಾಗುತ್ತೆ ಅಂತ ರಾತ್ರಿ ಎರಡಕ್ಕೆ ಆನ್‌ಕಾಲ್ ಎದ್ದವರಿಗೆ ಹೇಳಬೇಕಿಲ್ಲ.

ಉಳಿದದ್ದು ಕೆಲವು ಅಭ್ಯಾಸಗಳು. ಎಡಕ್ಕೆ ತಿರುಗೋ ಮೊದಲು ಎಡ ಕನ್ನಡಿ ನೋಡಿ, ಅಲ್ಲೊಂದು ಸ್ಕೂಟರ್ ಇದ್ದೇ ಇರುತ್ತೆ ಅಂದುಕೊಳ್ಳಿ. ಹಸಿರು ದೀಪ ಬಂದ ಮೇಲೂ ಒಂದು ಸೆಕೆಂಡ್ ಎಡ ಬಲ ನೋಡಿ, ಕೆಂಪು ದಾಟಿ ಬರೋ ಕೊನೆಯವನು ಒಬ್ಬ ಇರ್ತಾನೆ. ನಿಂತ ಬಸ್ಸಿನ ಪಕ್ಕ ಹಾದು ಹೋಗುವಾಗ ಕಾಲು ಬ್ರೇಕ್ ಮೇಲಿರಲಿ. ನಿಲ್ಲಿಸಿದ ಕಾರಿನ ಬಲಬಾಗಿಲನ್ನ ಎಡಗೈಯಿಂದ ತೆಗೆಯಿರಿ, ಮೈ ತಾನಾಗೇ ಹಿಂದಕ್ಕೆ ತಿರುಗಿ ಬರ್ತಿರೋ ಬೈಕ್ ಕಾಣುತ್ತೆ. ಬೈಕ್‌ನಲ್ಲಿ ಹೋಗೋರು, ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣಲ್ಲ ಅಂತ ತಿಳಿದುಕೊಳ್ಳಿ.

ಹೊರಡೋ ಮೊದಲು

ಇಷ್ಟೆಲ್ಲಾ ಹೇಳಿದ ಮೇಲೂ, ಮಂಜಿನಲ್ಲಿ ಎಲ್ಲಕ್ಕಿಂತ ದೊಡ್ಡ ಸುರಕ್ಷತೆ ಸ್ಟೀರಿಂಗ್ ಹಿಡಿಯೋ ಮೊದಲೇ ಇರುತ್ತೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತೆ, ಹಿಂದಿನ ರಾತ್ರಿಯೇ ನೋಡಿ. ವಿಮಾನ ನಿಲ್ದಾಣದ ಮೆಟಾರ್ ವರದಿ ಎಲ್ಲರಿಗೂ ಸಿಗುತ್ತೆ, ಅದರಲ್ಲಿ 0200 ಅಂತ ಇದ್ದರೆ 200 ಮೀಟರ್ ಕಾಣ್ತಿದೆ ಅಂತ. ಐದೂವರೆಗೆ ಹೊರಡೋದನ್ನ ಹತ್ತಕ್ಕೆ ಹಾಕಿ. ಆಗಲ್ಲ ಅಂದ್ರೆ ರೈಲಿದೆ, ನಾಳೆ ಇದೆ.

ಅವತ್ತು ನಾವು ಆ ವಿಶ್ರಾಂತಿ ತಾಣದಲ್ಲಿ ಹತ್ತರವರೆಗೆ ಕೂತಿದ್ದೆವು. ಬಿಸಿಲು ಬಂತು. ನಾನು ಎದ್ದು "ಹೋಗೋಣವಾ?" ಅಂದೆ. ಅಪ್ಪ, "ವಾಪಸ್ ನಡಿ. ತಾಜಮಹಲ್ ಎಲ್ಲಿಗೂ ಹೋಗಲ್ಲ" ಅಂದರು. ಅವತ್ತು ಮನೆಗೆ ಬಂದು ಅಮ್ಮ ಉಪ್ಪಿಟ್ಟು ಮಾಡಿದರು. ತಾಜಮಹಲನ್ನ ಫೆಬ್ರವರಿ ಕೊನೆಯಲ್ಲಿ ನೋಡಿದೆವು, ಮಧ್ಯಾಹ್ನ, ಬಿಸಿಲಲ್ಲಿ.

ಈಗಲೂ ಚಳಿಗಾಲದಲ್ಲಿ ಫೋನ್ ಮಾಡಿದರೆ ಅಪ್ಪ ಮೊದಲು ಕೇಳೋದು "ಇವತ್ತು ಎಷ್ಟು ದೂರ ಕಾಣ್ತಿದೆ?" ಅಂತ. ನೀವೂ ಕೀ ತಿರುಗಿಸೋ ಮುಂಚೆ ಅದನ್ನೇ ಒಂದು ಸಲ ಕೇಳಿಕೊಳ್ಳಿ. ಊರಿಂದ ಬಂದವರನ್ನ ಜೋಪಾನವಾಗಿ ಕರೆದುಕೊಂಡು ಹೋಗಿ, ಜೋಪಾನವಾಗಿ ಬನ್ನಿ.